ಪಂಚಾಯಿತಿ ಮಳಿಗೆಗಳ ಬಾಡಿಗೆ ವಸೂಲಿ: ಸದಸ್ಯರಿಗೊಂದು ಅಧ್ಯಯನ ಪಾಠ

ಗ್ರಾಮ ಪಂಚಾಯಿತಿಯು ಸ್ಥಳೀಯ ಸರ್ಕಾರವಾಗಿರುವಂತೆಯೇ ಒಬ್ಬ ಸಣ್ಣ ಮಾಲೀಕನೂ ಆಗಿದೆ. ಬಸ್ ನಿಲ್ದಾಣದ ಪಕ್ಕದಲ್ಲಿ ಆರೆಂಟು ಮಳಿಗೆಗಳು, ಸಂತೆ ಮೈದಾನದ ಅಂಚಿನಲ್ಲಿ ಎರಡು ಗೂಡಂಗಡಿಗಳು, ಹಳೆಯ ಕಚೇರಿ ಕಟ್ಟಡದ ಒಂದು ಕೊಠಡಿ: ಇಷ್ಟು ಸ್ವತ್ತು ಬಹುತೇಕ ಹೋಬಳಿ ಕೇಂದ್ರಗಳ ಪಂಚಾಯಿತಿಗಳಲ್ಲಿ ಕಂಡುಬರುತ್ತದೆ. ಇವುಗಳಿಂದ ಬರುವ ಬಾಡಿಗೆಯು ಸ್ವಂತ ಸಂಪನ್ಮೂಲದ ಭಾಗ. ಹಣಕಾಸು ಆಯೋಗದ ಅನುದಾನಕ್ಕೆ ಇರುವಂತಹ ನಿರ್ಬಂಧಗಳು ಇದಕ್ಕೆ ಇಲ್ಲವಾದ್ದರಿಂದ, ಕೊಳವೆ ಬಾವಿಯ ಮೋಟಾರು ಸುಟ್ಟ ದಿನ ಪಂಚಾಯಿತಿಯ ಕೈಗೆ ತಕ್ಷಣ ಸಿಗುವುದು ಇದೇ ಹಣ. ಆದರೂ ಬೇಡಿಕೆ, ವಸೂಲಿ, ಬಾಕಿ ತಖ್ತೆಯನ್ನು ಸಾಮಾನ್ಯ ಸಭೆಯಲ್ಲಿ ಮಂಡಿಸಿದಾಗ ಮನೆ ಕಂದಾಯ ಮತ್ತು ನೀರಿನ ಶುಲ್ಕದ ಮೇಲೆ ದೀರ್ಘ ಚರ್ಚೆ ನಡೆಯುತ್ತದೆ. ಮಳಿಗೆ ಬಾಡಿಗೆಯ ಸಾಲಿಗೆ ಬರುವ ಹೊತ್ತಿಗೆ ಚಹಾ ಬಂದಿರುತ್ತದೆ.

ಈ ಪಾಠದ ಉದ್ದೇಶ ಆ ಒಂದು ಸಾಲನ್ನು ಓದುವ ಕ್ರಮವನ್ನು ತಿಳಿಸುವುದು. ತೆರಿಗೆಯ ವಸೂಲಿಗೂ ಬಾಡಿಗೆಯ ವಸೂಲಿಗೂ ಇರುವ ಮೂಲ ವ್ಯತ್ಯಾಸವನ್ನು ಮೊದಲು ಅರಿಯಬೇಕು. ತೆರಿಗೆಯು ಶಾಸನದಿಂದ ಹುಟ್ಟುತ್ತದೆ. ಬಾಡಿಗೆಯು ಕರಾರಿನಿಂದ ಹುಟ್ಟುತ್ತದೆ. ಆದ್ದರಿಂದ ಬಾಡಿಗೆಯ ವಿಷಯದಲ್ಲಿ ಪಂಚಾಯಿತಿಯ ಬಲವು ಬಹುಮಟ್ಟಿಗೆ ಅದರ ಕಡತದಲ್ಲಿರುವ ಕಾಗದಗಳಷ್ಟೇ.

ಮೂರು ವರ್ಷದ ಸೋರಿಕೆ

ಒಂದು ಮಾದರಿ ಲೆಕ್ಕವನ್ನು ನೋಡೋಣ. 4ನೇ ಸಂಖ್ಯೆಯ ಮಳಿಗೆಯ ಬಾಡಿಗೆ ತಿಂಗಳಿಗೆ 1,200 ರೂಪಾಯಿ. ಪ್ರತಿ ತಿಂಗಳ 10ನೇ ತಾರೀಖಿನೊಳಗೆ ಪಾವತಿಯಾಗಬೇಕು. ಬಾಡಿಗೆದಾರನು 2022ರ ಏಪ್ರಿಲ್‌ನಿಂದ ಏನನ್ನೂ ಕಟ್ಟಿಲ್ಲ. 2025ರ ಸೆಪ್ಟೆಂಬರ್ 30ರಂದು ವಹಿಯಲ್ಲಿ 42 ತಿಂಗಳ ಬಾಕಿ, ಅಂದರೆ 50,400 ರೂಪಾಯಿ ಕಾಣುತ್ತದೆ. ಸಭೆಯಲ್ಲಿ ಓದುವುದು ಈ ಅಂಕಿಯನ್ನೇ.

ಆದರೆ ಕಾಲಪರಿಮಿತಿ ಅಧಿನಿಯಮ, 1963ರ ಅನುಸೂಚಿಯ 52ನೇ ಬಾಬಿನಂತೆ ಬಾಡಿಗೆ ಬಾಕಿಗೆ ದಾವೆ ಹೂಡಲು ಇರುವ ಅವಧಿ ಮೂರು ವರ್ಷ. ಅದು ಪ್ರತಿಯೊಂದು ತಿಂಗಳ ಬಾಡಿಗೆ ಬಾಕಿಯಾದ ದಿನದಿಂದ ಪ್ರತ್ಯೇಕವಾಗಿ ಎಣಿಕೆಯಾಗುತ್ತದೆ. 2022ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರು ತಿಂಗಳ 7,200 ರೂಪಾಯಿ ಆ ದಿನಕ್ಕಾಗಲೇ ಅವಧಿ ಮೀರಿದೆ. ದಾವೆಗೆ ಉಳಿದಿರುವುದು 43,200 ರೂಪಾಯಿ ಮಾತ್ರ. ಇನ್ನೊಂದು ವರ್ಷ ಸುಮ್ಮನಿದ್ದರೆ ವಹಿಯ ಬಾಕಿ 64,800ಕ್ಕೆ ಏರುತ್ತದೆ. ವಸೂಲಿಗೆ ಅರ್ಹವಾದ ಮೊತ್ತ ಆಗಲೂ 43,200 ರೂಪಾಯಿಯೇ. ಮೇಲ್ತೊಟ್ಟಿಗೆ ಎಷ್ಟು ನೀರು ಏರಿಸಿದರೂ ಕಟ್ಟೆ ಹೊರಳುವ ಕೊಳವೆಯ ಮಟ್ಟವನ್ನು ದಾಟಿ ನಿಲ್ಲುವುದಿಲ್ಲ. ಮೂವತ್ತಾರು ತಿಂಗಳು ತುಂಬಿದ ಮೇಲೆ ಪ್ರತಿ ತಿಂಗಳೂ ಒಂದು ಹೊಸ ಕಂತು ಸೇರಿ ಒಂದು ಹಳೆಯ ಕಂತು ಹರಿದುಹೋಗುತ್ತದೆ. ತಖ್ತೆಯಲ್ಲಿ ಮಾತ್ರ ಆ ಸೋರಿಕೆ ಎಲ್ಲಿಯೂ ದಾಖಲಾಗುವುದಿಲ್ಲ.

ಕೋವಿಡ್ ಕಾಲದ ಬಾಕಿಗಳ ಬಗ್ಗೆ ಇಲ್ಲೊಂದು ಮಾತು. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಕಾಲಪರಿಮಿತಿಯ ಲೆಕ್ಕದಿಂದ ಸರ್ವೋಚ್ಚ ನ್ಯಾಯಾಲಯವು ಹೊರಗಿಟ್ಟಿತ್ತು. ಆ ಅವಧಿಯಲ್ಲಿ ಬಾಕಿಯಾದ ಕಂತುಗಳಿಗೂ 2025ರ ಫೆಬ್ರವರಿ ಅಂತ್ಯಕ್ಕೆ ಮೂರು ವರ್ಷ ತುಂಬಿತು.

ಬಾಕಿಯನ್ನು ನ್ಯಾಯಾಲಯಕ್ಕೆ ಹೋಗದೆ ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದಲ್ಲವೇ, ಅಲ್ಲಿ ಮೂರು ವರ್ಷದ ಮಾತು ಏಕೆ ಎಂಬ ಪ್ರಶ್ನೆ ಸಹಜ. ನವದೆಹಲಿ ಪುರಸಭಾ ಸಮಿತಿ ಮತ್ತು ಕಾಲೂರಾಮ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1976ರಲ್ಲಿಯೇ ಇದಕ್ಕೆ ಉತ್ತರಿಸಿದೆ. ಸ್ಥಳೀಯ ಸಂಸ್ಥೆಯೊಂದು ತನ್ನ ಬಾಡಿಗೆ ಬಾಕಿಯನ್ನು ಸಾರ್ವಜನಿಕ ಆವರಣಗಳ ಕಾಯಿದೆಯಡಿ ಕೇಳಿದಾಗ, ದಾವೆಗೆ ಅವಧಿ ಮೀರಿದ ಬಾಕಿಯನ್ನು ಈ ಹತ್ತಿರದ ದಾರಿಯಿಂದಲೂ ವಸೂಲು ಮಾಡಲಾಗದು ಎಂದು ತೀರ್ಪಾಯಿತು. ಅದು ಕೇಂದ್ರದ ಕಾಯಿದೆಯಡಿ ಬಂದ ತೀರ್ಪಾದರೂ ಅದರ ತತ್ತ್ವವನ್ನು ಇಲ್ಲಿಯೂ ಮನಸ್ಸಿನಲ್ಲಿಟ್ಟುಕೊಂಡೇ ನಡೆಯುವುದು ಕ್ಷೇಮ.

ಸೋರಿಕೆ ನಿಲ್ಲಿಸುವ ಕಾಗದಗಳು

ಇದಕ್ಕೆ ದೊಡ್ಡ ಖರ್ಚಿಲ್ಲದ ಉಪಾಯಗಳು ಕಾನೂನಿನಲ್ಲಿಯೇ ಇವೆ. ಅವಧಿ ಮುಗಿಯುವ ಮೊದಲು ಬಾಡಿಗೆದಾರನು ಬಾಕಿಯನ್ನು ಒಪ್ಪಿ ಬರೆದು ಸಹಿ ಮಾಡಿದರೆ, ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ದೊರೆಯುತ್ತದೆ. ಇದು ಕಾಲಪರಿಮಿತಿ ಅಧಿನಿಯಮದ 18ನೇ ಪ್ರಕರಣ. ಆದ್ದರಿಂದ ಪ್ರತಿ ಮಾರ್ಚ್ ತಿಂಗಳಲ್ಲಿ ಮಳಿಗೆವಾರು ಬಾಕಿ ದೃಢೀಕರಣ ಪತ್ರವನ್ನು ಸಿದ್ಧಪಡಿಸಿ ಬಾಡಿಗೆದಾರರ ಸಹಿ ಪಡೆಯುವ ರೂಢಿಯನ್ನು ಪಂಚಾಯಿತಿಯು ಬೆಳೆಸಿಕೊಳ್ಳಬೇಕು. ಕರ ವಸೂಲಿಗಾರರು ಅಂಗಡಿಯ ಮುಂದೆ ನಿಂತು ಕೇಳಿದಾಗ "ಕೊಡ್ತೀನಿ ಸ್ವಾಮಿ, ಹಬ್ಬ ಒಂದು ಕಳೀಲಿ" ಎಂದು ಬಾಯಲ್ಲಿ ಹೇಳಿದ್ದು ಒಪ್ಪಿಗೆಯಲ್ಲ. ಅದೇ ಮಾತು ಒಂದು ಹಾಳೆಯ ಮೇಲೆ ಮೊತ್ತ, ತಾರೀಖು, ಸಹಿಯೊಡನೆ ಇದ್ದರೆ ಒಪ್ಪಿಗೆ.

ಅವಧಿ ಮೀರಿದ ಬಾಕಿಯೂ ಪೂರ್ತಿ ಸತ್ತಂತಲ್ಲ. ಅದನ್ನು ಕಟ್ಟುವುದಾಗಿ ಬಾಡಿಗೆದಾರನು ಬರೆದು ಸಹಿ ಮಾಡಿ ಕೊಟ್ಟ ವಾಗ್ದಾನವು ಭಾರತೀಯ ಕರಾರು ಅಧಿನಿಯಮ, 1872ರ 25(3)ನೇ ಪ್ರಕರಣದಂತೆ ಹೊಸ ಕರಾರಾಗುತ್ತದೆ. ಇನ್ನೊಂದು ಉಪಯುಕ್ತ ಸಂಗತಿಯು ಅದೇ ಅಧಿನಿಯಮದ 60ನೇ ಪ್ರಕರಣದಲ್ಲಿದೆ. ಬಾಡಿಗೆದಾರನು ಇಂಥ ತಿಂಗಳಿನದು ಎಂದು ಸೂಚಿಸದೆ, ಸಂದರ್ಭದಿಂದಲೂ ಅದು ತಿಳಿಯದ ರೀತಿಯಲ್ಲಿ 3,000 ರೂಪಾಯಿ ಕಟ್ಟಿದರೆ, ಪಂಚಾಯಿತಿಯು ಅದನ್ನು ತನ್ನ ಇಚ್ಛೆಯಂತೆ ಯಾವ ನ್ಯಾಯಸಮ್ಮತ ಬಾಕಿಗಾದರೂ, ಅವಧಿ ಮೀರಿದ ಬಾಕಿಗೂ ಸೇರಿಸಿ, ಜಮಾ ಮಾಡಿಕೊಳ್ಳಬಹುದು. ರಸೀದಿಯಲ್ಲಿ ಅಭ್ಯಾಸಬಲದಿಂದ "ಚಾಲ್ತಿ ತಿಂಗಳು" ಎಂದು ಬರೆದರೆ ಈ ಅವಕಾಶ ಅಲ್ಲಿಗೇ ಮುಗಿಯಿತು. ಹಳೆಯ ತಿಂಗಳಿಗೆ ಜಮಾ ಮಾಡಿ, ತಿಂಗಳ ಹೆಸರನ್ನು ಸ್ಪಷ್ಟವಾಗಿ ನಮೂದಿಸುವುದು ಸರಿಯಾದ ಕ್ರಮ.

ಕರಾರು ಪತ್ರದ ಕೊರತೆಗಳು

ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಯನ್ನು ನೋಂದಾಯಿತ ಪತ್ರದಿಂದಲೇ ಮಾಡತಕ್ಕದ್ದು ಎಂದು ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 107ನೇ ಪ್ರಕರಣವೂ ನೋಂದಣಿ ಅಧಿನಿಯಮ, 1908ರ 17ನೇ ಪ್ರಕರಣವೂ ಹೇಳುತ್ತವೆ. ಹರಾಜಿನಲ್ಲಿ ಮೂರು ಅಥವಾ ಐದು ವರ್ಷಕ್ಕೆ ಮಳಿಗೆ ಕೊಟ್ಟು, ಛಾಪಾ ಕಾಗದದ ಮೇಲೆ ಬರೆಸಿಕೊಂಡು, ನೋಂದಣಿ ಮಾಡಿಸದೆ ಬೀರುವಿನಲ್ಲಿಟ್ಟ ಪತ್ರಗಳು ಅನೇಕ. ಅಂತಹ ಪತ್ರದಲ್ಲಿ "ಪ್ರತಿ ವರ್ಷ ಶೇ. 5ರಷ್ಟು ಹೆಚ್ಚಳ" ಎಂಬ ಷರತ್ತು ಇದ್ದರೂ ಅದನ್ನು ನ್ಯಾಯಾಲಯದಲ್ಲಿ ಸಾಧಿಸುವುದು ಕಷ್ಟ, ನೋಂದಣಿಯಾಗದ ಗುತ್ತಿಗೆ ಪತ್ರದ ಷರತ್ತುಗಳನ್ನು ಸಾಕ್ಷ್ಯವಾಗಿ ಸ್ವೀಕರಿಸಲು ನೋಂದಣಿ ಅಧಿನಿಯಮದ 49ನೇ ಪ್ರಕರಣ ಅಡ್ಡ ಬರುತ್ತದೆ. ಉಳಿಯುವುದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಮಾತ್ರ. ನೋಂದಣಿಯ ಖರ್ಚನ್ನು ಯಾರು ಭರಿಸಬೇಕೆಂಬುದನ್ನು ಹರಾಜಿನ ಪ್ರಕಟಣೆಯಲ್ಲಿಯೇ ತಿಳಿಸಿದರೆ ಮುಂದೆ ತಕರಾರು ಇರುವುದಿಲ್ಲ.

ಒಳಬಾಡಿಗೆಯ ವಿಷಯಕ್ಕೆ ಹೆಚ್ಚಿನ ಗಮನ ಬೇಕು. ಮೇಲಿನ ಮಾದರಿಯ 4ನೇ ಮಳಿಗೆಗೇ ಹಿಂತಿರುಗೋಣ. ಹರಾಜು ಹಿಡಿದವನು ಊರು ಬಿಟ್ಟು ನಗರ ಸೇರಿದ್ದಾನೆ. ಮಳಿಗೆಯಲ್ಲಿ ಹೊಲಿಗೆ ಯಂತ್ರ ಇಟ್ಟು ದುಡಿಯುವ ಮಹಿಳೆಯೊಬ್ಬರು ಅವನಿಗೆ ತಿಂಗಳಿಗೆ 3,000 ರೂಪಾಯಿಯನ್ನು ಒಂದು ದಿನವೂ ತಪ್ಪದೆ ಕೊಡುತ್ತಿದ್ದಾರೆ. ಅವನು ಪಂಚಾಯಿತಿಗೆ ಕೊಡಬೇಕಾದ 1,200 ರೂಪಾಯಿಯನ್ನು ಕೊಡುತ್ತಿಲ್ಲ. ಮೂರು ವರ್ಷಗಳಲ್ಲಿ ಆಕೆಯಿಂದ ಅವನ ಕೈಗೆ 1,08,000 ರೂಪಾಯಿ ಸೇರಿದೆ. ತೆರವಿನ ನೋಟಿಸು ಬಾಗಿಲಿಗೆ ಅಂಟುವ ದಿನ ಬೀದಿಗೆ ಬರುವುದು ಅವನಲ್ಲ, ಬಾಡಿಗೆಯನ್ನು ಸರಿಯಾಗಿ ಕೊಟ್ಟ ಆಕೆ. ಬಾಕಿಯನ್ನು ಬೆಳೆಯಗೊಡುವುದು ಬಡವರ ಮೇಲಿನ ದಯೆ ಎಂದು ವಾದಿಸುವ ಸದಸ್ಯರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಇಲ್ಲಿ ಕಾನೂನಿನ ಸ್ಥಿತಿಯು ಹಲವರ ಊಹೆಗೆ ವಿರುದ್ಧವಾಗಿದೆ. ಸ್ವತ್ತು ವರ್ಗಾವಣೆ ಅಧಿನಿಯಮದ 108ನೇ ಪ್ರಕರಣದ (ಜೆ) ಖಂಡದಂತೆ, ಕರಾರಿನಲ್ಲಿ ಬೇರೆ ರೀತಿ ಹೇಳದ ಹೊರತು ಬಾಡಿಗೆದಾರನು ಒಳಬಾಡಿಗೆಗೆ ಕೊಡಬಹುದು. ನಿಷೇಧವು ಕರಾರಿನಲ್ಲಿ ಬರೆದಿರಲೇಬೇಕು. ಪತ್ರವೇ ಇಲ್ಲದಿದ್ದರೆ ನಿಷೇಧವೂ ಇಲ್ಲ. ಒಳಬಾಡಿಗೆ ಪತ್ತೆಯಾದಾಗ ಈಗ ಇರುವವರಿಂದಲೇ ನೇರವಾಗಿ ಬಾಡಿಗೆ ಪಡೆದು ಅವರ ಹೆಸರಿಗೆ ರಸೀದಿ ಕೊಡಲು ಆತುರ ಪಡಬಾರದು. ಹರಾಜಿಲ್ಲದೆ ಹೊಸ ಬಾಡಿಗೆದಾರರನ್ನು ಸೃಷ್ಟಿಸಿದಂತಾಗುತ್ತದೆ. ನೋಟಿಸನ್ನು ಮೂಲ ಬಾಡಿಗೆದಾರನಿಗೂ ಮಳಿಗೆಯಲ್ಲಿರುವವರಿಗೂ ನೀಡಿ, ಹಳೆಯ ಬಾಡಿಗೆಯನ್ನು ಕ್ರಮಬದ್ಧವಾಗಿ ಕೊನೆಗೊಳಿಸಿ, ಮರುಹರಾಜಿಗೆ ಬೇಗ ದಿನ ಗೊತ್ತು ಮಾಡಿದರೆ ಆ ಮಹಿಳೆಯೂ ಪಂಚಾಯಿತಿಯ ನೇರ ಬಾಡಿಗೆದಾರರಾಗಲು ಸವಾಲು ಕೂಗಬಹುದು.

ಬೀಗ ಜಡಿಯುವ ಮೊದಲು

ಬಾಕಿ ಹೆಚ್ಚಾದಾಗ ಸಭೆಯಲ್ಲಿ ಮೊದಲು ಕೇಳಿಬರುವ ಸಲಹೆ, ಮಳಿಗೆಗೆ ಪಂಚಾಯಿತಿಯ ಬೀಗ ಹಾಕುವುದು. ಇದು ತಪ್ಪು ದಾರಿ. ನೆಲೆಗೊಂಡ ಸ್ವಾಧೀನದಲ್ಲಿರುವವರನ್ನು, ಅವರ ಹಕ್ಕು ಮುಗಿದಿದ್ದರೂ, ಕಾನೂನಿನ ಕ್ರಮದ ಮೂಲಕವಲ್ಲದೆ ಹೊರಹಾಕುವಂತಿಲ್ಲವೆಂದು ಕೃಷ್ಣ ರಾಮ ಮಹಾಲೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಹೇಳಿದೆ. ಬಲವಂತದಿಂದ ಹೊರಹಾಕಲ್ಪಟ್ಟವರು ಆರು ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಅಧಿನಿಯಮ, 1963ರ 6ನೇ ಪ್ರಕರಣದಡಿ ಸ್ವಾಧೀನವನ್ನು ಮರಳಿ ಕೇಳಬಹುದು. ಬಾಕಿದಾರನು ವಾದಿಯಾಗಿ, ಪಂಚಾಯಿತಿಯು ಪ್ರತಿವಾದಿಯಾಗಿ ನಿಲ್ಲುವ ಸ್ಥಿತಿಯು ಬೀಗದ ಬೆಲೆಗಿಂತ ದುಬಾರಿ. ವಿದ್ಯುತ್ ಸಂಪರ್ಕ ಕಡಿಸುವ ಸಲಹೆಗೂ ಇದೇ ಉತ್ತರ.

ಸರಿಯಾದ ದಾರಿಯೂ ಅಷ್ಟೇನೂ ಉದ್ದವಲ್ಲ. ಮಾಸಿಕ ಬಾಡಿಗೆಯನ್ನು ಕೊನೆಗೊಳಿಸಲು ಸ್ವತ್ತು ವರ್ಗಾವಣೆ ಅಧಿನಿಯಮದ 106ನೇ ಪ್ರಕರಣದಡಿ ಹದಿನೈದು ದಿನಗಳ ಲಿಖಿತ ನೋಟಿಸು ಸಾಕು. ಕರಾರಿನಲ್ಲಿ ಬೇರೆ ಅವಧಿ ಇದ್ದರೆ ಅದರಂತೆ. ಅಂಚೆಯಲ್ಲಿ ಕಳುಹಿಸಿದ ದಾಖಲೆಯೂ ಮಳಿಗೆಗೆ ಅಂಟಿಸಿದ ಮಹಜರೂ ಕಡತದಲ್ಲಿರಬೇಕು. ನೋಟಿಸಿನ ಅವಧಿ ಮುಗಿದ ಮೇಲೆ ಮಾಮೂಲಿನಂತೆ ಬಾಡಿಗೆ ಸ್ವೀಕರಿಸಿದರೆ ನೋಟಿಸನ್ನೇ ಬಿಟ್ಟುಕೊಟ್ಟಂತೆ ಎಂಬ ವಾದಕ್ಕೆ 113ನೇ ಪ್ರಕರಣ ಎಡೆ ಕೊಡುತ್ತದೆ. ಆಗ ಬರುವ ಹಣಕ್ಕೆ "ಪಂಚಾಯಿತಿಯ ಹಕ್ಕಿಗೆ ಬಾಧಕವಾಗದಂತೆ, ಬಳಕೆ ಮತ್ತು ಸ್ವಾಧೀನದ ಬಾಬ್ತು" ಎಂದು ರಸೀದಿ ಬರೆಯಬೇಕು.

ಮುಂದಿನ ಹಂತಕ್ಕೆ ಕರ್ನಾಟಕ ಬಾಡಿಗೆ ಅಧಿನಿಯಮ, 1999ರ ತೊಡಕು ಇಲ್ಲ. ಸ್ಥಳೀಯ ಪ್ರಾಧಿಕಾರಗಳ ಕಟ್ಟಡಗಳು ಅದರ ವ್ಯಾಪ್ತಿಯ ಹೊರಗಿವೆ. ಅನಧಿಕೃತ ಅಧಿಭೋಗದಾರರ ತೆರವಿಗೆ ಕರ್ನಾಟಕ ಸಾರ್ವಜನಿಕ ಆವರಣಗಳ ಅಧಿನಿಯಮ, 1974 ಇದೆ. ಸರ್ಕಾರವು ನೇಮಿಸಿದ ಸಕ್ಷಮ ಅಧಿಕಾರಿಯು ಕಾರಣ ಕೇಳುವ ನೋಟಿಸು ನೀಡಿ, ವಿಚಾರಣೆ ನಡೆಸಿ, ತೆರವಿಗೂ ಬಾಕಿ ವಸೂಲಿಗೂ ಆದೇಶಿಸುತ್ತಾರೆ. ಈ ಅರ್ಜಿಯನ್ನು ಸಭೆಯ ನಿರ್ಣಯದೊಂದಿಗೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗಳ ಗಮನಕ್ಕೆ ತಂದು ಸಲ್ಲಿಸುವುದು ಸೂಕ್ತ.

ಆದರೆ ತೆರವು ಬೇಡ, ಹಣ ಬಂದರೆ ಸಾಕು ಎನ್ನುವ ಪ್ರಕರಣಗಳೇ ಹೆಚ್ಚು. ಅವುಗಳಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮುಂದೆ, ದಾವೆ ಹೂಡುವುದಕ್ಕೂ ಮೊದಲೇ, ಲೋಕ ಅದಾಲತ್‌ಗೆ ಅರ್ಜಿ ಹಾಕಬಹುದು. ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ 21ನೇ ಪ್ರಕರಣದಂತೆ ಅಲ್ಲಿನ ರಾಜಿ ಆದೇಶಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬೆಲೆ ಇದೆ. ಅದರ ಮೇಲೆ ಮೇಲ್ಮನವಿ ಇಲ್ಲ. 43,200 ರೂಪಾಯಿಯನ್ನು ಹನ್ನೆರಡು ಕಂತುಗಳಲ್ಲಿ, ತಲಾ 3,600ರಂತೆ, ಚಾಲ್ತಿ ಬಾಡಿಗೆಯ ಜೊತೆಗೆ ಕಟ್ಟುವ ಒಪ್ಪಂದವು ಸಣ್ಣ ವ್ಯಾಪಾರಿಗೂ ಹೊರೆಯಾಗದು, ಪಂಚಾಯಿತಿಗೂ ನಷ್ಟವಾಗದು.

ದಿನನಿತ್ಯದ ವಸೂಲಿ

ಇಷ್ಟೆಲ್ಲ ಬರುವುದು ಮಾಸಿಕ ವಸೂಲಿ ಸಡಿಲಾದಾಗ. ಬಾಡಿಗೆಯ ಗಡುವನ್ನು ತಿಂಗಳ ಮೊದಲ ಸಂತೆಯ ಮರುದಿನಕ್ಕೆ ಹೊಂದಿಸಿದರೆ ವಸೂಲಿ ಸುಲಭ. ವ್ಯಾಪಾರಿಯ ಗಲ್ಲದಲ್ಲಿ ಹಣವಿರುವ ದಿನ ಅದು. ಫೋನಿನ ಮೂಲಕ ಪಾವತಿಸುವ ಕ್ಯೂಆರ್ ಫಲಕವನ್ನು ಪಂಚಾಯಿತಿಯ ಬ್ಯಾಂಕ್ ಖಾತೆಯ ಹೆಸರಿನಲ್ಲಿಯೇ ಪಡೆಯಬೇಕು. ಸಿಬ್ಬಂದಿಯ ಅಥವಾ ಸದಸ್ಯರ ಸ್ವಂತ ಸಂಖ್ಯೆಗೆ ಬಂದ ಹಣ, ಮರುದಿನವೇ ಕಟ್ಟಿದರೂ, ಲೆಕ್ಕ ಪರಿಶೋಧನೆಯಲ್ಲಿ ಉತ್ತರಿಸಬೇಕಾದ ಆಕ್ಷೇಪಣೆಯಾಗುತ್ತದೆ.

ಮಾಲೀಕನ ಕರ್ತವ್ಯವನ್ನೂ ಹೇಳದಿದ್ದರೆ ಪಾಠ ಏಕಪಕ್ಷೀಯವಾದೀತು. ಸೂರು ಸೋರುವ ಮಳಿಗೆಯ ಬಾಡಿಗೆ ತಡವಾಗುವುದರಲ್ಲಿ ಆಶ್ಚರ್ಯವಿಲ್ಲ. ಪಂಚಾಯಿತಿಯು ಮಾಡಿಸಬೇಕಾದ ದುರಸ್ತಿಯನ್ನು ನೋಟಿಸು ಕೊಟ್ಟ ನಂತರವೂ ಮಾಡಿಸದಿದ್ದರೆ, ಬಾಡಿಗೆದಾರನು ತಾನೇ ಮಾಡಿಸಿ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದೆಂದು 108ನೇ ಪ್ರಕರಣದ (ಎಫ್) ಖಂಡ ಹೇಳುತ್ತದೆ. ದುರಸ್ತಿಯ ಅರ್ಜಿಗಳಿಗೂ ಒಂದು ವಹಿ ಇರಲಿ.

ಮಳಿಗೆಯ ಬಾಡಿಗೆದಾರರು ಸದಸ್ಯರ ಬಂಧುಗಳೇ ಆಗಿರುವುದೂ ಉಂಟು. ಅಂತಹ ಬಾಕಿಯ ಚರ್ಚೆ ಬಂದಾಗ ಆ ಸದಸ್ಯರು ತಾವಾಗಿಯೇ ಹೊರಗೆ ಕುಳಿತು, ಆ ಸಂಗತಿಯು ನಡವಳಿಯಲ್ಲಿ ದಾಖಲಾದರೆ ಉಳಿದ ಬಾಡಿಗೆದಾರರ ಬಳಿ ಕೇಳುವ ಧ್ವನಿಗೆ ಬಲ ಬರುತ್ತದೆ.

ಅಭ್ಯಾಸ

ಮುಂದಿನ ಸಾಮಾನ್ಯ ಸಭೆಗೆ ಮುನ್ನ ಸದಸ್ಯರು ತಮ್ಮ ಪಂಚಾಯಿತಿಯ ಮಳಿಗೆಗಳ ತಖ್ತೆಯನ್ನು ಪಡೆದು ಅದಕ್ಕೆ ನಾಲ್ಕು ಕಾಲಂಗಳನ್ನು ಸೇರಿಸಿಕೊಳ್ಳಬೇಕು: ಮೂರು ವರ್ಷ ಮೀರಿದ ಬಾಕಿ ಎಷ್ಟು, ಕೊನೆಯ ಬಾಕಿ ದೃಢೀಕರಣಕ್ಕೆ ಸಹಿಯಾದ ದಿನಾಂಕ ಯಾವುದು, ಕರಾರು ನೋಂದಣಿಯಾಗಿದೆಯೇ, ಈಗ ಮಳಿಗೆಯೊಳಗೆ ಇರುವವರು ಯಾರು. ಕೊನೆಯ ಕಾಲಂ ಅನ್ನು ಕಚೇರಿಯಲ್ಲಿ ಕುಳಿತು ತುಂಬಲಾಗದು. ಸಂತೆಯ ದಿನ ಸಂಜೆ ಐದರ ಹೊತ್ತಿಗೆ ಮಳಿಗೆಗಳ ಸಾಲಿನಲ್ಲಿ ಒಮ್ಮೆ ನಡೆದು ಬರಬೇಕು.