ಬೋರ್ಡು ಸುಟ್ಟಿತು, ಡಿಸ್ಕು ಉಳಿಯಿತು

ಮಕ್ಕಳೇ, ಹೋದ ಮಳೆಗಾಲದಲ್ಲಿ ಕೊಳತ್ತೂರಿನ ಒಂದು ಫೋಟೋ ಸ್ಟುಡಿಯೋದ ಹತ್ತಿರ ಸಿಡಿಲು ಬಿತ್ತು. ಕಟ್ಟಡಕ್ಕೆ ಏನೂ ಆಗಲಿಲ್ಲ. ಒಳಗಿದ್ದ ಕಂಪ್ಯೂಟರಿನ ಮದರ್‌ಬೋರ್ಡ್ ಮಾತ್ರ ಸುಟ್ಟುಹೋಯಿತು. ಸ್ಟುಡಿಯೋ ನಡೆಸುವವನು ನನ್ನ ಹಳೆಯ ವಿದ್ಯಾರ್ಥಿ. "ಸಾರ್, ಆರು ವರ್ಷದ ಮದುವೆ ಫೋಟೋ ಎಲ್ಲಾ ಅದರಲ್ಲೇ ಇದೆ. ಮೂರು ಡಿಸ್ಕು ಹಾಕಿ ರೇಡ್ ಮಾಡಿಸಿದ್ದೆ. ಬೋರ್ಡು ಬದಲಾಯಿಸಿದರೆ ಸಿಗುತ್ತಾ?" ಅಂತ ಕೇಳಿದ. ಆ ಫೋಟೋಗಳಲ್ಲಿರುವ ಎಷ್ಟೋ ಅಜ್ಜ ಅಜ್ಜಿಯರು ಈಗಿಲ್ಲ. ಮತ್ತೆ ತೆಗೆಯುವ ಹಾಗಿಲ್ಲ.

ರೇಡ್ ಅಂದರೇನು? ಹಲವು ಡಿಸ್ಕುಗಳನ್ನು ಒಂದೇ ಡಿಸ್ಕಿನಂತೆ ಕಾಣುವ ಹಾಗೆ ಜೋಡಿಸುವ ಪದ್ಧತಿ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್‌ಸನ್, ಗಿಬ್ಸನ್, ಕ್ಯಾಟ್ಜ್ ಎಂಬ ಮೂವರು 1988ರಲ್ಲಿ ಈ ಹೆಸರಿಟ್ಟು ಲೇಖನ ಪ್ರಕಟಿಸಿದರು. ಒಂದು ದುಬಾರಿ ದೊಡ್ಡ ಡಿಸ್ಕಿನ ಕೆಲಸವನ್ನು ಅಗ್ಗದ ಚಿಕ್ಕ ಡಿಸ್ಕುಗಳ ಗುಂಪಿನಿಂದ ಮಾಡಿಸಬಹುದು ಎಂಬುದು ಅವರ ವಾದ. ಆದರೆ ಡಿಸ್ಕು ಹೆಚ್ಚಾದಷ್ಟೂ ಯಾವುದಾದರೂ ಒಂದು ಕೆಡುವ ಸಂಭವವೂ ಹೆಚ್ಚು. ಅದಕ್ಕೇ ಪ್ಯಾರಿಟಿ.

ನೋಟ್‌ಬುಕ್ ತೆಗೆದು ಬರೆಯಿರಿ. ಮೊದಲ ಡಿಸ್ಕಿನಲ್ಲಿ 1011, ಎರಡನೆಯದರಲ್ಲಿ 0110. ಒಂದರ ಕೆಳಗೊಂದು ಇಟ್ಟು, ಪ್ರತಿ ಕಂಬದಲ್ಲೂ 1ಗಳ ಸಂಖ್ಯೆ ಸಮ ಆಗುವಂತೆ ಮೂರನೆಯ ಸಾಲು ತುಂಬಿ. 1101 ಬರುತ್ತದೆ. ಈಗ ಎರಡನೆಯ ಸಾಲನ್ನು ಕೈಯಿಂದ ಮುಚ್ಚಿ. ಉಳಿದ 1011 ಮತ್ತು 1101ಕ್ಕೆ ಅದೇ ನಿಯಮ ಹಚ್ಚಿದರೆ 0110 ತಾನಾಗಿ ಸಿಗುತ್ತದೆ! ಇದು ರೇಡ್ 5ರ ಗುಟ್ಟು. ತಲಾ 2 ಟಿಬಿಯ ಮೂರು ಡಿಸ್ಕು ಇದ್ದರೆ ಬಳಸಲು ಸಿಗುವುದು 4 ಟಿಬಿ. ಒಂದು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ ಹೋಗುತ್ತದೆ. ಆ ಪ್ಯಾರಿಟಿ ಒಂದೇ ಡಿಸ್ಕಿನಲ್ಲಿ ಕೂರುವುದಿಲ್ಲ, ಸರದಿಯ ಮೇಲೆ ಮೂರರಲ್ಲೂ ಸುತ್ತುತ್ತದೆ.

ಹಾಗಾದರೆ ಯಾವ ಡಿಸ್ಕು ಮೊದಲು, ತುಂಡಿನ ಗಾತ್ರ ಎಷ್ಟು ಎಂಬ ಲೆಕ್ಕ ಎಲ್ಲಿರುತ್ತದೆ? ಸುಟ್ಟ ಬೋರ್ಡಿನಲ್ಲೇ ಇದ್ದಿದ್ದರೆ ಕಥೆ ಮುಗಿದಂತೆ. ಪುಣ್ಯಕ್ಕೆ ಅದು ಡಿಸ್ಕುಗಳ ಮೇಲೇ ಬರೆದಿರುತ್ತದೆ. ಇಂಟೆಲ್ ಬೋರ್ಡಿನ ರೇಡ್ ಅದನ್ನು ಡಿಸ್ಕಿನ ಕೊನೆಯಲ್ಲಿ ಬರೆಯುತ್ತದೆ. ಲಿನಕ್ಸಿನ ಈಗಿನ ಪದ್ಧತಿಯಲ್ಲಿ ಅದು ಶುರುವಿನ ಹತ್ತಿರ ಇರುತ್ತದೆ. ತೊಂದರೆ ಏನೆಂದರೆ ಒಬ್ಬರ ಬರಹ ಇನ್ನೊಬ್ಬರಿಗೆ ಓದಲು ಬರುವುದಿಲ್ಲ. ಇಂಟೆಲ್ ಬೋರ್ಡಿನ ರೇಡನ್ನು ಎಎಮ್‌ಡಿ ಬೋರ್ಡು ಗುರುತಿಸದು. ಪ್ರತ್ಯೇಕ ರೇಡ್ ಕಾರ್ಡ್ ಇದ್ದರೆ ಆ ಕಾರ್ಡನ್ನೂ ಡಿಸ್ಕುಗಳ ಜೊತೆಗೇ ಹೊಸ ಕಂಪ್ಯೂಟರಿಗೆ ಸಾಗಿಸಬೇಕು. ಲಿನಕ್ಸಿನಲ್ಲೇ ಮಾಡಿದ ರೇಡ್ ಮಾತ್ರ ಬೋರ್ಡು ಯಾವುದೆಂದು ಕೇಳುವುದಿಲ್ಲ. ನನ್ನ ಮೆಚ್ಚುಗೆ ಅದಕ್ಕೇ.

ನಮ್ಮ ಹುಡುಗನದು ಇಂಟೆಲ್. ಹಾಗಾಗಿ ರೇಡ್ ಸೌಲಭ್ಯ ಇರುವ ಇಂಟೆಲ್ ಬೋರ್ಡನ್ನೇ ತರಿಸಿದೆವು. ಬಿಚ್ಚುವ ಮುಂಚೆ ಡಿಸ್ಕುಗಳಿಗೆ ಮಾರ್ಕರಿನಿಂದ 1, 2, 3 ಬರೆದು, ವೈರುಗಳ ಫೋಟೋ ತೆಗೆದೆವು. ಹೊಸದಾಗಿ ವಿಂಡೋಸ್ ಹಾಕಿದ ಬೇರೆ ಡಿಸ್ಕಿನಿಂದ ಕಂಪ್ಯೂಟರ್ ಶುರುವಾಯಿತು. ಆಗ ಬಂತು ಎದೆ ಧಸಕ್ಕೆನ್ನುವ ಗಳಿಗೆ: ಹಳೆಯ ಡಿಸ್ಕುಗಳಲ್ಲಿ ಎರಡನ್ನು ತೋರಿಸಿ, ಇವನ್ನು "ಇನಿಶಿಯಲೈಸ್" ಮಾಡಲೇ ಅಂತ ವಿಂಡೋಸ್ ಕೇಳಿತು. ಹುಡುಗನ ಬೆರಳು ಓಕೆ ಮೇಲೇ ಇತ್ತು.

"ಏಯ್, ಬಿಡು ಬಿಡು!" ಅಂತ ಕೂಗಿಬಿಟ್ಟೆ.

ಏಕೆ? ಡಿಸ್ಕುಗಳನ್ನು ಬಿಡಿಬಿಡಿಯಾಗಿ ನೋಡಿದ ವಿಂಡೋಸಿಗೆ ಅವು ಖಾಲಿ ಎನ್ನಿಸಿತು. ಒಪ್ಪಿದ್ದರೆ ಅವುಗಳ ಶುರುವಿನಲ್ಲೇ ಹೊಸ ಬರಹ ಗೀಚುತ್ತಿತ್ತು. ತಪ್ಪು ಡಿಸ್ಕುಗಳದಲ್ಲ. ಹೊಸ ಬೋರ್ಡಿನ ಬಯೋಸ್ ಸೆಟ್ಟಿಂಗ್‌ನಲ್ಲಿ ಸಾಟಾ ಮೋಡ್ "ಎಎಚ್‌ಸಿಐ" ಎಂದಿತ್ತು. ಅದನ್ನು "ರೇಡ್" ಮಾಡಿ ಮತ್ತೆ ಶುರು ಮಾಡಿದಾಗ ಬೋರ್ಡು ಮೂರೂ ಡಿಸ್ಕುಗಳ ಬರಹ ಓದಿ, ಒಂದೇ ಗುಂಪು, "ನಾರ್ಮಲ್" ಎಂದು ತೋರಿಸಿತು. ಅದೇ ಪರದೆಯಲ್ಲಿ "ಕ್ರಿಯೇಟ್" ಅಂತಲೂ ಇತ್ತು. ಅದರ ತಂಟೆಗೆ ಹೋಗಲಿಲ್ಲ. ಅದು ಹೊಸ ಗುಂಪು ಕಟ್ಟಲು. ನಮಗೆ ಬೇಕಾದದ್ದು ಇರುವ ಗುಂಪು. ಮೋಡ್ ಬದಲಾದ್ದರಿಂದ ವಿಂಡೋಸ್ ಏಳಲು ತಕರಾರು ಮಾಡಿತು, ಸೇಫ್ ಮೋಡಿನಲ್ಲಿ ಒಮ್ಮೆ ಎಬ್ಬಿಸಿದ ಮೇಲೆ ಸರಿಹೋಯಿತು.

ಫೋಟೋಗಳು ಕಂಡ ಕೂಡಲೇ ಮಾಡಿದ ಮೊದಲ ಕೆಲಸ, ಎಲ್ಲವನ್ನೂ ಹೊರಗಿನ ಒಂದು ಡಿಸ್ಕಿಗೆ ನಕಲು ಮಾಡಿದ್ದು. ಒಂದು ಡಿಸ್ಕು ಕೆಟ್ಟರೆ ರೇಡ್ 5 ಕಾಪಾಡುತ್ತದೆ. ಸಿಡಿಲು ಮೂರನ್ನೂ ಸುಟ್ಟರೆ, ಅಥವಾ ನಾವೇ ಫೈಲು ಅಳಿಸಿದರೆ, ಪ್ಯಾರಿಟಿ ಏನೂ ಮಾಡಲಾರದು.

ಅಭ್ಯಾಸ: 1) ಮೂರು ಡಿಸ್ಕುಗಳ ರೇಡ್ 5ರಲ್ಲಿ ಒಂದು ಡಿಸ್ಕು ಕೆಟ್ಟಿದೆ. ಉಳಿದವುಗಳಲ್ಲಿ 0101 ಮತ್ತು 1100 ಇವೆ. ಕಳೆದದ್ದು ಯಾವುದು? 2) ನಕಲು ಮಾಡಬೇಕಾದ ಫೋಟೋಗಳು 18,00,000 ಎಂಬಿ, ವೇಗ ಸೆಕೆಂಡಿಗೆ 100 ಎಂಬಿ. ಎಷ್ಟು ಗಂಟೆ ಬೇಕು? (ನಾವು ಅಲ್ಲೇ ಊಟ ಮುಗಿಸಿ, ಎರಡು ಸಲ ಟೀ ಕುಡಿದೆವು.)