120 ವೋಲ್ಟಿನ ಪೆಟ್ಟಿಗೆಗೆ 230 ವೋಲ್ಟ್ ಕೊಟ್ಟಾಗ

ನಮ್ಮ ಮನೆಯ ಅಟ್ಟದ ಮೇಲೆ ಹಳೆಯ ಪ್ಲೇಸ್ಟೇಷನ್ 2 ಇತ್ತು. ಮಾಮು ಜಿದ್ದಾದಲ್ಲಿ ಕೆಲಸ ಮಾಡುತ್ತಿದ್ದಾಗ ತಂದದ್ದು. ರಂಜಾನ್ ರಜೆಯಲ್ಲಿ ತಮ್ಮ ಹಠ ಹಿಡಿದನೆಂದು ಕೆಳಗಿಳಿಸಿ, ಧೂಳು ಒರೆಸಿ, ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಸ್ವಿಚ್ ಹಾಕಿದೆ. ‘ಟಪ್’ ಎಂದಿತು, ಸುಟ್ಟ ವಾಸನೆ ಬಂತು. ತಮ್ಮ ನನ್ನ ಮುಖ ನೋಡಿದ. ಬಕ್ರೀದಿಗೆ ಮಾಮು ಬರುವವರಿದ್ದರು.

ತಪ್ಪು ನನ್ನದೇ. ಹಿಂಬದಿಯಲ್ಲಿ 120 ವೋಲ್ಟ್, 60 ಹರ್ಟ್ಸ್ ಎಂದು ಸ್ಪಷ್ಟವಾಗಿ ಬರೆದಿತ್ತು. ಮಾಡೆಲ್ ಸಂಖ್ಯೆ 39001. ಕೊನೆಯ 1 ಎಂದರೆ ಅಮೆರಿಕದ ಮಾರುಕಟ್ಟೆಗೆ ಮಾಡಿದ್ದು. ಸೌದಿಯಲ್ಲಿ ಆಗ ಮನೆಗಳಿಗೆ 127 ವೋಲ್ಟ್ ಬರುತ್ತಿದ್ದುದರಿಂದ ಅಲ್ಲಿ ಅದು ನಡೆಯುತ್ತಿತ್ತು. ನಮ್ಮಲ್ಲಿ 230. ಮಾಮು ಅದರ ಜೊತೆ ಒಂದು ಭಾರವಾದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರನ್ನೂ ತಂದಿದ್ದರು. ವರ್ಷಗಳಿಂದ ಅದು ನಮ್ಮ ಹಿಂಬಾಗಿಲು ಬಡಿಯದಂತೆ ಒತ್ತಿಟ್ಟ ಕಲ್ಲಿನ ಕೆಲಸ ಮಾಡುತ್ತಿತ್ತು!

ಚನ್ನಪಟ್ಟಣದಲ್ಲಿ ಟಿವಿ ರಿಪೇರಿ ಮಾಡುವ ಚಾಚಾ ಒಬ್ಬರ ಬಳಿ ಒಯ್ದೆ. ಫ್ಯೂಸ್ ಹೋಗಿತ್ತು. ಹೊಸದು ಹಾಕಿಕೊಡಿ ಎಂದೆ. “ಹಾಕಬಹುದು ಬೇಟಾ, ಹಾಕಿದ ಕೂಡಲೇ ಅದೂ ಹೋಗುತ್ತದೆ. ಯಾಕೆ ಹೋಯಿತು ಅಂತ ಮೊದಲು ನೋಡೋಣ,” ಎಂದರು. ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿ ಸುತ್ತಿ ತಂದವರನ್ನೂ ಅವರು ಕಂಡಿದ್ದಾರಂತೆ. ಹಾಗೆ ಮಾಡಿದರೆ ಫ್ಯೂಸಿನ ಬದಲು ಬೋರ್ಡೇ ಸುಡುತ್ತದೆ.

ಲೆಕ್ಕ ಹೀಗಿದೆ. ಎಸಿ ಕರೆಂಟಿನ 120 ಅಥವಾ 230 ಅದರ ತುದಿಯ ಅಳತೆಯಲ್ಲ. ತುದಿ ಅದರ 1.414 ಪಟ್ಟು. ಪೆಟ್ಟಿಗೆಯೊಳಗಿನ ಸಪ್ಲೈ ಬೋರ್ಡಿನಲ್ಲಿ ನಾಲ್ಕು ಡಯೋಡುಗಳು ಎಸಿಯನ್ನು ಡಿಸಿ ಮಾಡಿ, ಒಂದು ದೊಡ್ಡ ಕೆಪಾಸಿಟರಿನಲ್ಲಿ ತುಂಬಿಸುತ್ತವೆ. 120 ವೋಲ್ಟಿಗೆ ಅಲ್ಲಿ ಸುಮಾರು 170 ವೋಲ್ಟ್ ನಿಲ್ಲುತ್ತದೆ. ಆದ್ದರಿಂದ 200 ವೋಲ್ಟಿನ ಕೆಪಾಸಿಟರ್ ಸಾಕೆಂದು ಹಾಕಿರುತ್ತಾರೆ. ನಾನು ಕೊಟ್ಟ 230ಕ್ಕೆ ಅದು ಸುಮಾರು 325! ಕೆಪಾಸಿಟರಿನ ತಲೆ ಪೂರಿಯಂತೆ ಉಬ್ಬಿತ್ತು. ಫ್ಯೂಸಿನ ಪಕ್ಕದಲ್ಲಿ ಗುಂಡಿಯಂಥ ಒಂದು ಬಿಲ್ಲೆ ಸುಟ್ಟು ಕಪ್ಪಾಗಿ ಸೀಳಿತ್ತು. ಅದರ ಹೆಸರು ವೇರಿಸ್ಟರ್. ವೋಲ್ಟೇಜ್ ಮಿತಿ ಮೀರಿದರೆ ಅದು ತಾನೇ ಶಾರ್ಟ್ ಆಗಿ, ಫ್ಯೂಸನ್ನು ಹಾರಿಸಿ, ಮುಂದಿನ ಭಾಗಗಳನ್ನು ಉಳಿಸುತ್ತದೆ. ಮೀಟರಿಟ್ಟು ನೋಡಿದಾಗ ಡಯೋಡುಗಳೂ ಟ್ರಾನ್ಸಿಸ್ಟರೂ ಚೆನ್ನಾಗಿದ್ದವು.

ನಾನು ಕೈ ಚಾಚಿದಾಗ ಚಾಚಾ ನನ್ನ ಕೈಗೇ ಒಂದೇಟು ಕೊಟ್ಟರು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು. ಸ್ಕ್ರೂಡ್ರೈವರ್ ಅಡ್ಡವಿಟ್ಟು ಕಿಡಿ ಹಾರಿಸುವುದೂ ಸರಿಯಲ್ಲ. 10 ಕಿಲೋಓಮ್, 5 ವ್ಯಾಟಿನ ರೆಸಿಸ್ಟರನ್ನು ಇಕ್ಕಳದಲ್ಲಿ ಹಿಡಿದು ಎರಡು ಕಾಲುಗಳಿಗೂ ಸ್ವಲ್ಪ ಹೊತ್ತು ತಾಗಿಸಿ, ನಂತರ ಮೀಟರಿನಲ್ಲಿ ಸೊನ್ನೆ ಕಂಡ ಮೇಲಷ್ಟೇ ಮುಟ್ಟಬೇಕು. ಬಲ್ಲವರು ಪಕ್ಕದಲ್ಲಿಲ್ಲದೆ ಯಾರೂ ಈ ಪೆಟ್ಟಿಗೆ ಬಿಚ್ಚಬೇಡಿ.

ಬಿಡಿಭಾಗಗಳಿಗಾಗಿ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಅಷ್ಟೇ ಆಂಪಿಯರಿನ ಫ್ಯೂಸ್, ಅದೇ ನಂಬರಿನ ವೇರಿಸ್ಟರ್, ಅಷ್ಟೇ ಮೈಕ್ರೋಫ್ಯಾರಡಿನ ಕೆಪಾಸಿಟರ್: ಮೂರಕ್ಕಿಂತ ರೈಲಿನದೂ ಊಟದ್ದೂ ಖರ್ಚೇ ಹೆಚ್ಚಾಯಿತು. ಯಂತ್ರವನ್ನು ಮೊದಲಿನ ಸ್ಥಿತಿಗೆ ತರುವ ಖರ್ಚು ಆದಾಯ ವೆಚ್ಚವೋ ಬಂಡವಾಳ ವೆಚ್ಚವೋ ಎಂದು ಅಕೌಂಟೆನ್ಸಿ ಪರೀಕ್ಷೆಯಲ್ಲಿ ಕೇಳಿದರೆ ಇನ್ನು ನಾನು ತಪ್ಪುವುದಿಲ್ಲ. ಆದಾಯ ವೆಚ್ಚ.

ಬೆಸುಗೆ ಹಾಕುವಾಗ ಕೆಪಾಸಿಟರಿನ ಮೈಮೇಲಿನ ಪಟ್ಟಿ ಮೈನಸ್ ಕಡೆಗೇ ಬರಬೇಕು, ತಿರುಗಿದರೆ ಸಿಡಿಯುತ್ತದೆ. ಮೊದಲ ಸಲ ಸ್ಟೆಪ್‌ಡೌನಿಗೂ ಬೋರ್ಡಿಗೂ ನಡುವೆ ಒಂದು ಹಳೆಯ 60 ವ್ಯಾಟಿನ ಬಲ್ಬನ್ನು ಸೀರೀಸಿನಲ್ಲಿ ಹಾಕಿದೆವು. ಒಳಗೆ ಇನ್ನೂ ಶಾರ್ಟ್ ಇದ್ದರೆ ಬಲ್ಬು ಉರಿಯುತ್ತಲೇ ಇರುತ್ತದೆ, ಬೋರ್ಡು ಉಳಿಯುತ್ತದೆ. ನಮ್ಮ ಬಲ್ಬು ಒಮ್ಮೆ ಕೆಂಪಗೆ ಮಿನುಗಿ ಆರಿಹೋಯಿತು. ಚಾಚಾ “ಮಾಷಾ ಅಲ್ಲಾಹ್” ಎಂದರು.

ಗಲ್ಫಿನಿಂದ ಬಂದ ಮಿಕ್ಸರ್, ಇಸ್ತ್ರಿಪೆಟ್ಟಿಗೆ ನಿಮ್ಮ ಮನೆಯಲ್ಲೂ ಇರಬಹುದು. ಚೀಟಿಯಲ್ಲಿ 100–240 ಎಂದಿದ್ದರೆ ನೇರವಾಗಿ ಹಾಕಬಹುದು. 110, 120, 127 ಎಂದಷ್ಟೇ ಇದ್ದರೆ ಸ್ಟೆಪ್‌ಡೌನ್ ಬೇಕು, ಅದೂ ಆ ಸಾಮಾನಿನ ವ್ಯಾಟಿಗಿಂತ ದೊಡ್ಡದು.

ಬಕ್ರೀದಿಗೆ ಬಂದ ಮಾಮುವಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, 8 ಎಂಬಿಯ ಮೆಮೊರಿ ಕಾರ್ಡಿನಲ್ಲಿ ತಾವು ಜಿದ್ದಾದಲ್ಲಿ ಅರ್ಧಕ್ಕೆ ನಿಲ್ಲಿಸಿದ್ದ ಆಟ ಹುಡುಕಿ, ರಾತ್ರಿ ಎರಡರವರೆಗೆ ಆಡಿದರು. ಹಿಂಬಾಗಿಲಿಗೆ ಈಗ ನಿಜವಾದ ಕಲ್ಲನ್ನೇ ತಂದಿಟ್ಟಿದ್ದೇವೆ.