ಒಬ್ಬರೇ ಆಳುವ ಮನೆ, ಡವಗುಟ್ಟುವ ಎದೆ



ನಾನು ಹೃದ್ರೋಗ ತಜ್ಞ. ಮನಸ್ಸಿನ ವಿಷಯ ನನ್ನದಲ್ಲ ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಪುಣೆಗೆ ಬಂದ ಮೇಲೆ, ಡಾಕ್ಟರು ಕನ್ನಡದವರು ಎಂದು ಹುಡುಕಿಕೊಂಡು ಬರುವವರ ಮಾತು ಕೇಳುತ್ತಾ ಕೇಳುತ್ತಾ ಆ ಅಭಿಪ್ರಾಯ ಬದಲಾಯಿತು.

ಗದಗ ಕಡೆಯ ಒಬ್ಬ ತಾಯಿ, ವಯಸ್ಸು 44. ಎದೆ ಡವಡವ, ಕೈ ನಡುಕ, ರಾತ್ರಿ ನಿದ್ದೆ ಇಲ್ಲ. ಇ.ಸಿ.ಜಿ., ಎಕೋ, ಟ್ರೆಡ್‌ಮಿಲ್, ಥೈರಾಯ್ಡ್ ಎಲ್ಲ ಸರಿ ಇತ್ತು. ನಾನು ಏನು ಕೇಳಿದರೂ ಉತ್ತರ ಬರುತ್ತಿದ್ದದ್ದು ಪಕ್ಕದಲ್ಲಿ ಕೂತ ಯಜಮಾನರಿಂದ. “ಆಕೀಗೆ ಏನೂ ತಿಳಿಯಂಗಿಲ್ರೀ ಡಾಕ್ಟ್ರೇ, ನಾನ ಹೇಳತೇನಿ.” 24 ಗಂಟೆ ಹೋಲ್ಟರ್ ಹಾಕಿದೆವು. ಅದು ಎದೆಬಡಿತವನ್ನು ಬಿಡದೆ ದಾಖಲಿಸುವ ಸಣ್ಣ ಯಂತ್ರ. ಯಾವ ಹೊತ್ತಿನಲ್ಲಿ ಏನು ಮಾಡುತ್ತಿದ್ದಿರಿ ಎಂದು ಜೊತೆಗೊಂದು ಚೀಟಿಯಲ್ಲಿ ಬರೆಯಲು ಹೇಳುತ್ತೇವೆ. ಸಂಜೆ 7.20ಕ್ಕೆ ನಾಡಿ 80ರಿಂದ 128ಕ್ಕೆ ಏರಿತ್ತು. ಚೀಟಿಯಲ್ಲಿ ಆ ಸಮಯದ ಎದುರಿಗೆ ಎರಡೇ ಪದ: “ಲಿಫ್ಟ್ ಬಂತು.”

ಯಜಮಾನರನ್ನು ಬಿಲ್ ಕೌಂಟರಿಗೆ ಕಳಿಸಿ ಕೇಳಿದೆ. “ಅವರು ಹೊಡಿಯಂಗಿಲ್ರೀ ಸರ್, ಕುಡಿಯಂಗೂ ಇಲ್ಲ. ಬರೇ, ಇವತ್ತ ಏನ್ ತಪ್ಪ ಆಗೇತೋ ಅಂತ ಹೆದರಿಕಿ,” ಎಂದರು. ಹತ್ತೊಂಬತ್ತು ವರ್ಷದ ಸಂಸಾರ. ಎಟಿಎಂ ಕಾರ್ಡ್ ಅವರ ಬಳಿ ಇಲ್ಲ. ಮರಾಠಿ ಸರಿಯಾಗಿ ಬಾರದು, ಹಾಗಾಗಿ ಒಬ್ಬರೇ ಎಲ್ಲೂ ಹೋಗುವುದಿಲ್ಲ. ತವರಿಗೆ ಫೋನ್ ಮಾಡಿದರೂ ಸ್ಪೀಕರ್ ಹಾಕಿಯೇ ಮಾತು.

ಇಂಥವರಿಗೆ ಹಿಂದೆ ನಾನು ಗ್ಯಾಸಿನ ಮಾತ್ರೆ ಬರೆದು, “ಏನೂ ಇಲ್ಲಮ್ಮ, ಟೆನ್ಷನ್ ಮಾಡ್ಕೋಬೇಡಿ” ಎಂದು ಕಳಿಸಿದ್ದೇನೆ. ಅದು ನನ್ನ ತಪ್ಪು. ಮುಂದೇನಾಗುವುದೋ ಎಂದು ಸದಾ ಕಾಯುವ ಮೈ ಅಡ್ರಿನಲಿನ್, ಕಾರ್ಟಿಸಾಲ್ ಸುರಿಸುತ್ತಲೇ ಇರುತ್ತದೆ. ನಾಡಿ ಓಡುತ್ತದೆ, ಬಿ.ಪಿ. ಏರುತ್ತದೆ, ನಿದ್ದೆ ಕೆಡುತ್ತದೆ. ಇದು ನಾಟಕವಲ್ಲ, ಯಂತ್ರದಲ್ಲಿ ಕಾಣುತ್ತದೆ.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಿಂದ ಹೃದಯದ ಅಧ್ಯಯನ ನಡೆಯುತ್ತಿದೆ. ಅಲ್ಲಿನ ಮುಂದಿನ ತಲೆಮಾರಿನವರನ್ನು 10 ವರ್ಷ ಗಮನಿಸಿದ ಒಂದು ವರದಿ 2007ರಲ್ಲಿ ಬಂತು. ಗಂಡನ ಜೊತೆ ಜಗಳವಾದಾಗ ಮಾತು ನುಂಗಿಕೊಳ್ಳುವ ಹೆಂಗಸರಲ್ಲಿ, ಮಾತಾಡುವವರಿಗಿಂತ ಸಾವಿನ ಅಪಾಯ ಸುಮಾರು ನಾಲ್ಕು ಪಟ್ಟು ಕಂಡಿತು. ಗಂಡಸರಲ್ಲಿ ಹಾಗೆ ಕಾಣಲಿಲ್ಲ. ಒಂದೇ ಅಧ್ಯಯನ, ಮೌನವೇ ಕಾರಣವೆಂದು ಅದರಿಂದ ಸಾಬೀತಾಗುವುದಿಲ್ಲ. ಆದರೂ “ಸುಮ್ಮನಿದ್ದರೆ ಮನೆಗೆ ಒಳ್ಳೆಯದು” ಎಂದು ಹೆಣ್ಣುಮಕ್ಕಳಿಗೆ ಹೇಳುವ ಮೊದಲು ನಾನೀಗ ಯೋಚಿಸುತ್ತೇನೆ.

ಹಾಗಾದರೆ ಮನೆಯಲ್ಲಿ ಒಬ್ಬರು ಮುಂದಾಳಾಗಿರುವುದೇ ತಪ್ಪೇ? ಅಲ್ಲ. ಲೆಕ್ಕಪತ್ರ ಒಬ್ಬರು, ಮಕ್ಕಳ ಓದು ಒಬ್ಬರು ನೋಡಿಕೊಳ್ಳಬಹುದು. ಒಬ್ಬರ ಮಾತಿಗೆ ಇನ್ನೊಬ್ಬರು ಇಷ್ಟಪಟ್ಟೇ ನಡೆಯಬಹುದು. ನಾನು ಕೇಳುವ ಪ್ರಶ್ನೆ ಒಂದೇ: ನೀವು “ಬೇಡ” ಅಂದರೆ ಏನಾಗುತ್ತದೆ? ಸ್ವಲ್ಪ ಮುನಿಸು, ಆಮೇಲೆ ಮಾತುಕತೆ ಆದರೆ ಅದು ಹೊಂದಾಣಿಕೆ. ವಾರಗಟ್ಟಲೆ ಮಾತು ಬಿಡುವುದು, ಖರ್ಚಿಗೆ ದುಡ್ಡು ನಿಲ್ಲಿಸುವುದು, ಮಕ್ಕಳೆದುರು ಹೀಯಾಳಿಸುವುದು, ಕೈ ಎತ್ತುವುದು ಆದರೆ ಅದು ಹೊಂದಾಣಿಕೆಯಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಹೊಡೆತವಷ್ಟೇ ಅಲ್ಲ, ಮಾತಿನ, ಮನಸ್ಸಿನ, ಹಣದ ಹಿಂಸೆಯೂ ಸೇರಿದೆ.

ಗಂಡ-ಹೆಂಡತಿಯರದಷ್ಟೇ ಮಾತಲ್ಲ ಇದು. ಊರಿನ ಮನೆ ಮಾರಿ ಮುಂಬೈ, ಹೈದರಾಬಾದಿನ ಫ್ಲ್ಯಾಟಿಗೆ ಬಂದ ಅಪ್ಪ ಅಮ್ಮಂದಿರೂ ನನ್ನ ಬಳಿ ಬರುತ್ತಾರೆ. ಪೆನ್ಷನ್ ಪಾಸ್‌ಬುಕ್ ಮಗನ ಬೀರುವಿನಲ್ಲಿ. ಕಾಫಿ ಬೇಕೆಂದು ಕೇಳಲೂ ಅಂಜಿಕೆ. “ಊಟ ಸೇರೋಲ್ಲ ಡಾಕ್ಟ್ರೇ” ಅನ್ನುತ್ತಾರೆ, ಅಷ್ಟೇ.

ಆಳುವವರಿಗೂ ಒಂದು ಮಾತು. ಎಲ್ಲವನ್ನೂ ತಾನೇ ತೀರ್ಮಾನಿಸಬೇಕು, ತಾನು ಸೋತದ್ದು ಮನೆಯಲ್ಲಿ ಗೊತ್ತಾಗಬಾರದು ಎಂದು ಇ.ಎಂ.ಐ. ಚಿಂತೆಯನ್ನು ಒಬ್ಬರೇ ಹೊತ್ತುಕೊಂಡ ಯಜಮಾನರ ಬಿ.ಪಿ. ಎಷ್ಟಿರುತ್ತದೆ ಎಂದು ದಿನಾ ನೋಡುತ್ತೇನೆ. ಹೆಂಡತಿಗೆ ಬ್ಯಾಂಕಿನ ಕೆಲಸ ಕಲಿಸಿ. ಆಸ್ಪತ್ರೆಯಲ್ಲಿ ಅವರೇ ಉತ್ತರ ಹೇಳಲಿ.

ತಗ್ಗಿ ನಡೆಯುವವರು ಒಂದೇ ದಿನದಲ್ಲಿ ಎದುರು ನಿಲ್ಲಬೇಕೆಂದು ನಾನು ಹೇಳುವುದಿಲ್ಲ. ಹೊಡೆತದ ಭಯವಿದ್ದ ಕಡೆ ಅದು ಅಪಾಯ. ಸಣ್ಣದರಿಂದ ಶುರುವಾಗಲಿ. ನಿಮ್ಮ ಹೆಸರಿನಲ್ಲಿ ಒಂದು ಖಾತೆ, ಆಧಾರ್ ಮತ್ತು ವೈದ್ಯಕೀಯ ವರದಿಗಳ ಒಂದೊಂದು ಪ್ರತಿ ನಂಬಿಕಸ್ಥರ ಬಳಿ, ಬಸ್ಸಿನಲ್ಲಿ ಓಡಾಡುವಷ್ಟು ಸ್ಥಳೀಯ ಭಾಷೆ. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದಾಗ ಮನಸ್ಸು ಬಿಚ್ಚಿ ಮಾತಾಡಬಹುದಾದ ಒಬ್ಬ ಗೆಳತಿ ಸಿಕ್ಕರೂ ಸಾಕು. ಎದೆ ಡವಗುಟ್ಟಿದಾಗ ನಿಮಿಷಕ್ಕೆ ಆರು ಸಲದಂತೆ ಐದು ನಿಮಿಷ ನಿಧಾನವಾಗಿ ಉಸಿರಾಡಿ. ನಾಡಿ ಇಳಿಯಲು ನೆರವಾಗುತ್ತದೆ, ಆದರೆ ಮನೆಯ ಪರಿಸ್ಥಿತಿಗೆ ಅದು ಮದ್ದಲ್ಲ.

ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಊಟ ಕೆಡುವುದು, ‘ನಾನು ಯಾಕಾದರೂ ಇದ್ದೇನೋ’ ಅನ್ನಿಸುವುದು ಎರಡು ವಾರ ಮುಂದುವರಿದರೆ ಮನೋವೈದ್ಯರನ್ನು ಕಾಣಲೇಬೇಕು. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಅವತ್ತೇ ಹೇಳಿ.

ಇನ್ನೊಂದು ಎಚ್ಚರಿಕೆ. ಎಲ್ಲವೂ ಟೆನ್ಷನ್ ಅಲ್ಲ. ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ, ದವಡೆ ಅಥವಾ ತೋಳಿನ ನೋವು ಬಂದರೆ ಮೊದಲು ಇ.ಸಿ.ಜಿ. ಆಗಲಿ. ಹೆಂಗಸರಲ್ಲಿ ಕೆಲವೊಮ್ಮೆ ಬರೀ ಸುಸ್ತು, ವಾಕರಿಕೆಯಾಗಿಯೂ ಹೃದಯಾಘಾತ ಕಾಣಿಸಿಕೊಳ್ಳುತ್ತದೆ.

ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416. ಉಚಿತ, 24 ಗಂಟೆಯೂ ಇರುತ್ತದೆ, ಭಾಷೆ ಕೇಳಿದಾಗ ಕನ್ನಡ ಆರಿಸಿಕೊಳ್ಳಬಹುದು. ಮಹಿಳಾ ಸಹಾಯವಾಣಿ 181, ಹಿರಿಯರಿಗೆ 14567, ತುರ್ತಿಗೆ 112. ನಿಮ್ಮ ಫೋನನ್ನು ಬೇರೆಯವರು ತೆರೆದು ನೋಡುವ ಮನೆಯಾದರೆ, ಈ ನಂಬರುಗಳನ್ನು ಬಾಯಿಪಾಠ ಮಾಡಿಕೊಂಡು ಈ ಮೆಸೇಜನ್ನು ಅಳಿಸಿಬಿಡಿ.